ಉಪ್ಪುಗಲ್ಲು, ಮುದ್ದೆಕಲ್ಲು

ಎಮ್ಮೆದೊಡ್ಡಿ ಕಾವಲಿನಲ್ಲಿ ಆ ಹಾಸುಬಂಡೆ ಕಣ್ಣಿಗೆ ಬಿದ್ದಾಗ, ಚೀಲ ಹೊತ್ತ ಕಚೇರಿಯ ಜವಾನ, ನಮ್ಮ ಡಲಾಯತ, ಹಿಂದೆಯೇ ನಿಂತಿದ್ದಾನೆ ಎನ್ನುವುದನ್ನೂ ಮರೆತು ನಾನು ಎರಡು ಹೆಜ್ಜೆ ಕುಣಿದುಬಿಟ್ಟೆ. ದೀಪಾವಳಿ ಕಳೆದು ಹದಿನೈದು ದಿನವಾಗಿತ್ತು. ಕಾವಲಿನ ತುಂಬ ಮೊಣಕಾಲುದ್ದ ಹುಲ್ಲು. ಒಂದು ದನವಿಲ್ಲ, ನಮ್ಮಿಬ್ಬರನ್ನು ಬಿಟ್ಟರೆ ನರಪಿಳ್ಳೆಯಿಲ್ಲ. ಒಂದು ದಿಬ್ಬದ ನೆತ್ತಿಯಲ್ಲಿ ಮಂಚದಷ್ಟು ಅಗಲಕ್ಕೆ ಹಸಿರು ಛಾಯೆಯ ಮೆದುಬಂಡೆ ಹುಲ್ಲಿನಿಂದ ಮೇಲೆದ್ದಿತ್ತು. ಅದರ ಮೈತುಂಬ ಅಲೆಗಳು. ನಾಲ್ಕು ನಾಲ್ಕು ಬೆರಳಿನ ಅಂತರದಲ್ಲಿ, ಕೆರೆಯ ಅಂಚಿನ ಮರಳಿನಲ್ಲಿ ನೀರು ಬಿಟ್ಟುಹೋಗುವ ಗೆರೆಗಳ ಹಾಗೆಯೇ, ಒಂದರ ಪಕ್ಕ ಒಂದು ಸಾಲಾಗಿದ್ದವು.

"ಏನಾಯ್ತು ಸ್ವಾಮಿ? ಚೇಳು ಕಡೀತಾ?" ಎಂದ ಡಲಾಯತ.

"ನೀರು ಕಣಯ್ಯಾ, ನೀರು! ಇಲ್ಲಿ ನೀರು ಹರಿದಿತ್ತು!"

ಅವನು ಬಿಸಿಲಿಗೆ ಕೈಯಡ್ಡ ಹಿಡಿದು ಸುತ್ತ ನೋಡಿದ. "ಈಗೆಲ್ಲೈತೆ ಸ್ವಾಮಿ? ಬಾಯಾರಿಕೆ ಆಗೈತೆ" ಎಂದ.

ನನ್ನ ಕುಣಿತಕ್ಕೆ ಕಾರಣವಿತ್ತು. ಆ ವರ್ಷ ನಮ್ಮ ಭೂಗರ್ಭ ಇಲಾಖೆಯ ಕಚೇರಿಯವರು ನನಗೆ ವಹಿಸಿದ್ದು ತರೀಕೆರೆಯಿಂದ ಅಜ್ಜಂಪುರ, ಅಲ್ಲಿಂದ ಕಡೂರು ಸೀಮೆಯವರೆಗಿನ ಕಲ್ಲುಗಳ ಜಾತಿ ಗುರುತಿಸಿ ನಕ್ಷೆ ತುಂಬುವ ಕೆಲಸ. ಈ ಸೀಮೆಯ ಬಂಡೆಗಳೆಲ್ಲ ರೂಪ ಬದಲಿಸಿದಂಥವು. ಮೊದಲು ಕೆಸರೋ ಮರಳೋ ಲಾವಾರಸವೋ ಆಗಿದ್ದುದು ಭೂಮಿಯ ಹೊಟ್ಟೆಯಲ್ಲಿ ಬಿಸಿಗೂ ಒತ್ತಡಕ್ಕೂ ಸಿಕ್ಕಿ, ಮಡಿಚಿಕೊಂಡು, ಎದ್ದುನಿಂತು, ಪದರುಪದರಾಗಿಬಿಟ್ಟಿದೆ. 'ನೀನು ಮೊದಲು ಏನಾಗಿದ್ದೆಯಪ್ಪಾ' ಎಂದು ಪ್ರತಿ ಬಂಡೆಯ ಮುಂದೆ ನಿಂತು ಕೇಳುವುದೇ ನಮ್ಮ ಕಸುಬು. ಅದೇನು ಸುಲಭಕ್ಕೆ ಬಾಯಿ ಬಿಡುವುದಿಲ್ಲ.

ಎಲ್ಲಕ್ಕಿಂತ ಮೊಂಡುಬಂಡೆಯೆಂದರೆ ಈ ಕಾವಲಿನ ಅಂಚಿನಲ್ಲಿ ಮೂರು ಮೈಲಿ ಉದ್ದಕ್ಕೆ ಚಾಚಿಕೊಂಡ ಒಂದು ಪಟ್ಟಿ. ಬೂದುಹಸಿರು ಪದರುಗಲ್ಲಿನೊಳಗೆ ನಿಂಬೆಗಾತ್ರದಿಂದ ತೆಂಗಿನಕಾಯಿ ಗಾತ್ರದವರೆಗಿನ ಉಂಡೆಗಳು ಹುದುಗಿದ್ದವು. ನಮ್ಮ ಮೇಲಧಿಕಾರಿಗಳ ಪ್ರಕಾರ ಅವು ನೀರು ತಂದ ಉಂಡೆಗಳಲ್ಲ. ಗಟ್ಟಿಬಂಡೆ ಭೂಮಿಯ ಒತ್ತಡಕ್ಕೆ ಜಜ್ಜಿಹೋಗಿ, ತುಂಡುಗಳು ಇದ್ದಲ್ಲೇ ಉರುಳಿ ಉರುಳಿ ಗುಂಡಗಾದವು, ಅಷ್ಟೇ. ಅವರು ವಿಲಾಯತಿಯಲ್ಲಿ ಓದಿ ಬಂದವರು, ಕಚೇರಿಯಲ್ಲಿ ಎಲ್ಲರೂ ಅವರನ್ನು 'ದೊಡ್ಡವರು' ಎಂದೇ ಕರೆಯುತ್ತಿದ್ದರು. ಅವರ ಮಾತನ್ನು ಅಲ್ಲಗಳೆದವರನ್ನು ನಾನು ಕಂಡಿರಲಿಲ್ಲ. ನನಗೆ ಮಾತ್ರ ಆ ಉಂಡೆಗಳನ್ನು ಕಂಡಾಗಲೆಲ್ಲ ಹೊಳೆ ನೆನಪಾಗುತ್ತಿತ್ತು. ಆದರೆ ನೆನಪನ್ನು ವರದಿಯಲ್ಲಿ ಬರೆಯುವುದು ಹೇಗೆ?

ನಾನಿನ್ನೂ ಉಮೇದುವಾರ. ಈ ನಕ್ಷೆ ಒಪ್ಪಿಗೆಯಾದರೆ ಬಯಲು ಕೆಲಸ ಖಾಯಂ ಆಗುತ್ತಿತ್ತು. ಇಲ್ಲವಾದರೆ ಬೆಂಗಳೂರಿನ ಕಚೇರಿಯ ಮೇಜಿಗೆ ವಾಪಸು. ಅಲ್ಲಿ ಬೇರೆಯವರು ಬರೆದ ನಕ್ಷೆಯ ಮೇಲೆ ತೆಳುಕಾಗದ ಹರಡಿ, ಅವರ ಗೆರೆಯ ಮೇಲೆ ಗೆರೆ ಎಳೆಯುತ್ತ ಕೂರಬೇಕು. ಮೊದಲ ವರ್ಷವೆಲ್ಲ ಅದನ್ನೇ ಮಾಡಿದ್ದೆ. ಬಿಸಿಲು, ಮುಳ್ಳು, ಗುಡ್ಡ ಹತ್ತುವ ಏದುಸಿರು, ಇವುಗಳ ರುಚಿ ಒಮ್ಮೆ ಹತ್ತಿದ ಮೇಲೆ ಆ ಮೇಜಿಗೆ ಮರಳಲು ನನಗೆ ಮನಸ್ಸೇ ಇರಲಿಲ್ಲ.

ಇಂಥ ಸಮಯದಲ್ಲಿ ಅಲೆಗಳು ಸಿಕ್ಕಿದವು! ಉಂಡೆಪಟ್ಟಿಯಿಂದ ಕಾಲು ಮೈಲಿ ದೂರದಲ್ಲಿ ನೀರಿನ ಅಲೆಗಳು ಕಲ್ಲಾಗಿ ನಿಂತಿದ್ದರೆ ಉಂಡೆಗಳನ್ನು ತಂದವರು ಯಾರು ಎಂದು ಕೇಳಬೇಕೇ? ಅಂದೇ ಅಳೆದೆ. ಪ್ರತಿ ಅಲೆಗೂ ನೈರುತ್ಯದ ಮಗ್ಗುಲು ಇಳಿಜಾರು, ಈಶಾನ್ಯದ ಮಗ್ಗುಲು ಕಡಿದು. ನೀರು ನೈರುತ್ಯದಿಂದ ಈಶಾನ್ಯಕ್ಕೆ ಹರಿದಿತ್ತು ಎಂದು, ಪಕ್ಕದಲ್ಲಿ ನಿಂತು ನೋಡಿದವನ ಹಾಗೆ ಬರೆದು, ಕಡೂರಿನ ಟಪಾಲಿಗೆ ಹಾಕಿಸಿದೆ. ವಾರದಲ್ಲಿ ದೊಡ್ಡವರ ಉತ್ತರ ಬಂತು. ಎರಡೇ ಸಾಲು. 'ವರದಿ ಓದಿದೆ. ಸಂಕ್ರಾಂತಿ ಕಳೆದು ಹತ್ತನೆಯ ದಿನ ಖುದ್ದು ಬಂದು ನೋಡುತ್ತೇನೆ.'

ನಾನು ಹಿಗ್ಗಿ ಹೀರೆಕಾಯಿಯಾದೆ.

ನಡುವಿನ ಎರಡು ತಿಂಗಳು ತರೀಕೆರೆ, ಅಜ್ಜಂಪುರದ ಕಡೆ ಕಳೆದವು. ನಮ್ಮ ಕ್ರಮ ಸರಳ. ಪದರುಗಳು ಓಡುವ ದಿಕ್ಕಿಗೆ ಅಡ್ಡಲಾಗಿ ನಡೆಯಬೇಕು, ಹೆಜ್ಜೆ ಎಣಿಸಬೇಕು, ಕಲ್ಲಿನ ಜಾತಿ ಬದಲಾದಲ್ಲಿ ನಿಂತು ಪದರು ಎಷ್ಟು ಓರೆಯಾಗಿದೆ ಎಂದು ಅಳೆಯಬೇಕು, ಒಂದು ಚೂರು ಒಡೆದು ಚೀಟಿ ಕಟ್ಟಿ ಚೀಲಕ್ಕೆ ಹಾಕಬೇಕು. ಚೀಲ ಡಲಾಯತನ ಬೆನ್ನಿಗೆ. "ಕಲ್ಲಿಲ್ದಿರೋ ಊರೇ ಇಲ್ವಲ್ಲ ಸ್ವಾಮಿ. ಬೆಂಗಳೂರ್ನಲ್ಲೇ ಎತ್ಕೊಂಡಿದ್ರೆ ಆಗ್ತಿರ್ಲಿಲ್ವಾ?" ಎಂದು ಅವನು ದಿನಕ್ಕೊಮ್ಮೆಯಾದರೂ ಕೇಳುತ್ತಿದ್ದ. ತರೀಕೆರೆಯ ಪಶ್ಚಿಮದ ಕಬ್ಬಿಣಗಲ್ಲಿನ ಸಾಲಿಗೆ ಹೋದಾಗ ದಿಕ್ಸೂಚಿಯ ಮುಳ್ಳು ಉತ್ತರವನ್ನೇ ಮರೆತು ಹತ್ತು ಹೆಜ್ಜೆಗೊಂದು ಕಡೆ ತಿರುಗಿತು. ಎರಡು ದಿನದ ಗೆರೆಗಳೆಲ್ಲ ಸೊಟ್ಟಗಾಗಿದ್ದು ಮೂರನೆಯ ದಿನ ಗೊತ್ತಾಯಿತು. ಎಲ್ಲ ಅಳಿಸಿ, ದಿಕ್ಸೂಚಿ ಮುಚ್ಚಿಟ್ಟು, ದೂರದ ಗುಡಿಯ ಗೋಪುರ, ಒಂಟಿ ಆಲದ ಮರ ಇವನ್ನೇ ಗುರಿಯಾಗಿಟ್ಟುಕೊಂಡು ಮತ್ತೆ ನಡೆದೆವು. ಬೇರೆ ಸಮಯದಲ್ಲಾಗಿದ್ದರೆ ರೇಗುತ್ತಿದ್ದೆ. ಆಗ ಸಿಳ್ಳೆ ಹಾಕುತ್ತಲೇ ಅಳಿಸಿದೆ. ನನ್ನ ಅಲೆಗಳು ಎಮ್ಮೆದೊಡ್ಡಿಯಲ್ಲಿ ಭದ್ರವಾಗಿದ್ದವಲ್ಲ!

ಸಂಕ್ರಾಂತಿಯ ಮರುದಿನ ಕಾವಲಿಗೆ ಹಿಂದಿರುಗಿದೆವು. ದೊಡ್ಡವರು ಬರಲು ಒಂಬತ್ತು ದಿನವಿತ್ತು. ಗಾಡಿ ಇಳಿಯುತ್ತಿದ್ದಂತೆಯೇ ಡಲಾಯತ ದಿಬ್ಬದ ಕಡೆ ಕೈ ತೋರಿಸಿ ಕೂಗಿದ.

"ಸ್ವಾಮಿ! ನಿಮ್ ಅಲೇನ ದನ ನೆಕ್ತಾವೆ!"

ನಿಜ. ಆಗ ಖಾಲಿಯಿದ್ದ ಕಾವಲಿನಲ್ಲಿ ಈಗ ಅಮೃತಮಹಲಿನ ನೂರಾರು ದನ. ದಿಬ್ಬದ ಮೇಲೆ ಏಳೆಂಟು ಹಸುಗಳು ತಲೆ ತಗ್ಗಿಸಿ ನನ್ನ ಬಂಡೆಯನ್ನು ನಾಲಿಗೆಯಿಂದ ಉಜ್ಜುತ್ತಿದ್ದವು. ನಾನು ಕೊಡೆ ಬೀಸುತ್ತ, ಹೋ ಹೋ ಎಂದು ಕೂಗುತ್ತ ಓಡಿದೆ. ಆ ಜಾತಿಯ ದನಗಳ ಸಂಗತಿ ತಿಳಿದವರು ಯಾರೂ ಹಾಗೆ ಮಾಡುವುದಿಲ್ಲ. ಮನೆಯ ಹಟ್ಟಿಯಲ್ಲಿ ಹುಟ್ಟಿ ಬೆಳೆದವಲ್ಲ ಅವು, ಅಪರಿಚಿತರನ್ನು ಕಂಡರೆ ಓಡುವ ಬದಲು ಓಡಿಸುತ್ತವೆ. ಉದ್ದಕೊಂಬಿನ ಒಂದು ಹಸು ತಲೆಯೆತ್ತಿ ನನ್ನನ್ನು ಒಂದು ಗಳಿಗೆ ನೋಡಿತು. ಮುಂದಿನ ಗಳಿಗೆಯಲ್ಲಿ ನಾನು ಒಂದು ಬಾಗೆಮರದ ಕವಲಿನಲ್ಲಿ ಕೂತಿದ್ದೆ. ಹೇಗೆ ಹತ್ತಿದೆನೋ ಇಂದಿಗೂ ನೆನಪಿಲ್ಲ. ಕೊಡೆಯನ್ನು ಅದು ಎರಡು ಸಲ ತುಳಿಯಿತು.

ಮಂದೆಯ ಯಜಮಾನ, ಅವರ ಮಾತಿನಲ್ಲಿ ಸೇರ್ವೇಗಾರ, ನಿಧಾನವಾಗಿ ನಡೆದು ಬಂದ. ನರೆತ ಮೀಸೆ, ಹೆಗಲ ಮೇಲೆ ಕಂಬಳಿ. ಬಾಯಲ್ಲೇ ಏನೋ ಒಂದು ಸದ್ದು ಮಾಡಿದ. ಹಸು ಸಾಧುವಾಗಿ ಹಿಂದಕ್ಕೆ ತಿರುಗಿತು.

"ಇಳೀರಿ ಸ್ವಾಮಿ. ಉಪ್ಪು ತಿನ್ನೋವಾಗ ಹಿಂಗೆ ಕೂಕ್ಕೊಂಡ್ ಬಂದ್ರೆ ಅವ್ಕೆ ಸಿಟ್ಟು ಬರಲ್ವಾ?"

"ಯಾವ ಉಪ್ಪು?"

"ಇದೇ ಉಪ್ಪುಗಲ್ಲು. ನಮ್ ಮುತ್ತಾತ ಉಳಿ ತಕ್ಕೊಂಡು ಗೀರಿದ್ದು. ಬರೀ ಬಂಡೆ ಮ್ಯಾಲೆ ಹಾಕಿದ್ರೆ ಉಪ್ಪು ಗಾಳಿಗ್ ಹಾರೋಯ್ತದೆ. ಗೀರಿದ್ರೆ ಸಂದೀಲಿ ನಿಲ್ತದೆ ನೋಡಿ."

ಆದರೂ ಒಂದು ಆಸೆಯಿಂದ ಕೇಳಿದೆ. "ಗೀರಿದ್ದಾದರೆ ಒಂದು ಮಗ್ಗುಲು ಮಾತ್ರ ಯಾಕೆ ಇಳಿಜಾರಾಗಿದೆ?"

"ಆ ಕಡೆ ನಿಂತ್ರೆ ದನಕ್ಕೆ ಗೊರಸು ಜಾರ್ತದೆ ಸ್ವಾಮಿ. ಅದ್ಕೇ ಎಲ್ಲಾವೂ ಈ ಕಡೆಯಿಂದ್ಲೇ ನೆಕ್ಕಾದು. ನಾಕ್ ತಲೆಮಾರು ಹಿಂಗೇ ನೆಕ್ಕವ್ವೆ."

ಅವನು ತೋರಿಸಿದ 'ಈ ಕಡೆ' ನೈರುತ್ಯ. ನೈರುತ್ಯದಿಂದ ಈಶಾನ್ಯಕ್ಕೆ ಹರಿದದ್ದು ನದಿಯಲ್ಲ, ದನದ ನಾಲಿಗೆ! ಮಳೆಗಾಲ ಕಳೆದ ಮೇಲೆ ಮಂದೆ ಬೇರೆ ಕಾವಲಿಗೆ ಹೋಗಿ ಸಂಕ್ರಾಂತಿಯ ಹೊತ್ತಿಗೆ ಇಲ್ಲಿಗೆ ಬರುತ್ತದಂತೆ. ನಾನು ಬಂದದ್ದು ಆ ನಡುವಿನ ಖಾಲಿ ದಿನಗಳಲ್ಲಿ. ಆತುರಗಾರನಿಗೆ ಬುದ್ಧಿ ಮಟ್ಟ ಎನ್ನುತ್ತಾರಲ್ಲ, ಆ ಗಾದೆಯನ್ನು ಮಾಡಿದವನು ನನ್ನನ್ನು ಎಲ್ಲಿ ಕಂಡಿದ್ದನೋ ಕಾಣೆ.

ಗುಡಾರದ ಮುಂದೆ ಇಂಗು ತಿಂದ ಮಂಗನ ಹಾಗೆ ಕೂತೆ. ಡಲಾಯತ ಪಾಪ, ನನ್ನ ಮುಖ ನೋಡಲಾರದೆ ಒಂದು ಉಪಾಯ ಹೇಳಿದ. "ದೊಡ್ಡ್ ಸಾಹೇಬ್ರು ಬರೋ ಒಂದ್ ದಿನ ಮಂದೇನ ಆ ಕಡೆ ಹೊಡ್ಕೊಂಡ್ ಹೋಗಪ್ಪಾ ಅಂತ ಸೇರ್ವೇಗಾರ್ನಿಗೆ ಹೇಳಿದ್ರಾಯ್ತು. ದನ ಬಂದು ಸಾಕ್ಷಿ ಹೇಳ್ತಾವಾ ಸ್ವಾಮಿ?"

ಹೇಳುವುದಿಲ್ಲ. ಸೇರ್ವೇಗಾರನೂ ಒಪ್ಪುತ್ತಿದ್ದ. ಬಂಡೆ ನನ್ನನ್ನು ಮೋಸಗೊಳಿಸಿದಂತೆ ದೊಡ್ಡವರನ್ನೂ ಮೋಸಗೊಳಿಸಬಹುದಿತ್ತು. ಆಮೇಲೆ? ನನ್ನ ಹೊಟ್ಟೆಪಾಡಿಗಾಗಿ ಇಲ್ಲದ ನದಿಯೊಂದನ್ನು ನಕ್ಷೆಯಲ್ಲಿ ಹರಿಸಬೇಕು, ನನ್ನ ನಂತರ ಬರುವವರು ಅದನ್ನು ನಂಬಿ ಮುಂದುವರಿಯಬೇಕು. ಅದಕ್ಕಿಂತ ತೆಳುಕಾಗದದ ಮೇಜೇ ವಾಸಿ ಎನಿಸಿತು. ಹಾಗೆನಿಸಿದಾಗ ದುಃಖವಾಯಿತು, ಆದರೆ ಹಗುರವೂ ಆಯಿತು. ಮಾರನೆಯ ಬೆಳಿಗ್ಗೆ ಕಡೂರಿಗೆ ಹೋಗಿ ಸ್ಟೇಷನ್ನಿನಲ್ಲಿ ತಂತಿ ಕೊಟ್ಟೆ. 'ಅಲೆಗಳು ತಪ್ಪು. ದನಗಳಿಗೆ ಉಪ್ಪಿಡುವ ಗೀರುಗಳು. ಆ ಭಾಗ ಹಿಂತೆಗೆದುಕೊಂಡಿದ್ದೇನೆ.' ಸ್ಟೇಷನ್ ಮಾಸ್ತರರು ಕನ್ನಡಕ ಏರಿಸಿ ಎರಡು ಸಲ ಓದಿದರು.

"ಇದೇನ್ರೀ, ಗುಪ್ತಭಾಷೆಯೇ?"

"ಅಲ್ಲ ಸಾರ್. ಇದ್ದದ್ದು ಇದ್ದ ಹಾಗೆ."

ಮರುದಿನ ಉತ್ತರ ಬಂತು. 'ಬರುತ್ತೇನೆ. ಉಳಿದದ್ದು ತೋರಿಸು.'

ಉಳಿದದ್ದೇನಿತ್ತು? ಉಂಡೆಪಟ್ಟಿ, ಏಳು ದಿನ, ಒಂದು ಸುತ್ತಿಗೆ. ಹೊಸದಾಗಿ ಒಡೆದ ಮುಖವನ್ನು ನೋಡದೆ ಯಾವ ಕಲ್ಲಿನ ಬಗ್ಗೆಯೂ ಮಾತಾಡಬೇಡ ಎನ್ನುವುದು ಕಚೇರಿಯ ಮೊದಲ ಪಾಠ. ಮೇಲಿನ ಮೈ ಬಿಸಿಲು ಮಳೆಗೆ ಕೆಟ್ಟಿರುತ್ತದೆ, ನಿಜ ಇರುವುದು ಒಳಗೆ ಎಂದು ದೊಡ್ಡವರು ಹೇಳಿ ಹೇಳಿ ನಮ್ಮ ತಲೆಗೆ ತುಂಬಿದ್ದರು. ಒಡೆದೆ. ಮೂರು ದಿನ ಒಡೆದೆ, ಸುತ್ತಿಗೆಯ ಹಿಡಿ ಮುರಿದು ಹೊಸದನ್ನು ಕೂರಿಸಿದೆ. ಒಳಗೆ ಎಲ್ಲವೂ ಒಂದೇ ಬೂದುಹಸಿರು. ಹೊರಗೆ ಅಷ್ಟೋ ಇಷ್ಟೋ ಉಬ್ಬಿ ಕಾಣುವ ಉಂಡೆ ಒಡೆದ ಮುಖದಲ್ಲಿ ಸುತ್ತಲಿನ ಕಲ್ಲಿನೊಂದಿಗೆ ಕರಗಿಹೋಗುತ್ತಿತ್ತು. ಭೂಮಿಯ ಬಿಸಿ, ಒತ್ತಡ ಎರಡೂ ಸೇರಿ ಎಲ್ಲಕ್ಕೂ ಒಂದೇ ಬಣ್ಣ ಬಳಿದುಬಿಟ್ಟಿದ್ದವು. ದೊಡ್ಡವರು ಬಂದು ಇದನ್ನು ನೋಡಿದರೆ 'ಜಜ್ಜಿದ ಕಲ್ಲು' ಎನ್ನದೆ ಇನ್ನೇನೆಂದಾರು?

ನಾಲ್ಕನೆಯ ದಿನ ಸೇರ್ವೇಗಾರನ ಹೆಂಡತಿ ಒಂದು ತಂಬಿಗೆ ಮಜ್ಜಿಗೆ ತಂದಿಟ್ಟು, ನಾನು ಬೆವರು ಸುರಿಸುವುದನ್ನು ಸೊಂಟದ ಮೇಲೆ ಕೈಯಿಟ್ಟು ಸ್ವಲ್ಪ ಹೊತ್ತು ನೋಡಿದಳು.

"ಏನ್ ಹುಡುಕ್ತೀರಿ ಸ್ವಾಮಿ?"

"ಈ ಉಂಡೆಗಳು ಒಂದೇ ಜಾತಿಯವೋ ಬೇರೆ ಬೇರೆಯವೋ ಅಂತ, ತಾಯಿ."

"ಬ್ಯಾರೆ ಬ್ಯಾರೆ ಅಂತ ಒಡೀಬೇಕಾ? ಮುದ್ದೆಕಲ್ಲಲ್ವಾ ಇದು. ಒಂದ್ ಮುದ್ದೆ ರಾಗೀದು, ಒಂದು ಜ್ವಾಳದ್ದು, ಒಂದು ಅನ್ನದ್ದು. ಹಳ್ಳದ ತಾವ ಬಂದು ನೋಡಿ."

ಅಲ್ಲಿನವರು ಆ ಬಂಡೆಯನ್ನು ಮುದ್ದೆಕಲ್ಲು ಎನ್ನುತ್ತಾರೆ ಎಂದು ನನಗೆ ತಿಳಿದದ್ದು ಆಗ. ಅವಳ ಹಿಂದೆ ಹಳ್ಳಕ್ಕೆ ಇಳಿದೆ. ಅದೇ ಪಟ್ಟಿ ಹಳ್ಳವನ್ನು ದಾಟುವ ಕಡೆ, ಹೆಂಗಸರು ಪಾತ್ರೆ ಬೆಳಗುವ ಜಾಗ. ದಿನಾ ಬೂದಿ, ಮರಳು, ತೆಂಗಿನ ನಾರು ಬಿದ್ದು ಬಿದ್ದು ಒಂದು ದೊಡ್ಡ ಹರಿವಾಣದಷ್ಟು ಜಾಗದಲ್ಲಿ ಬಂಡೆಯ ಕರಿಪಾಚಿ ಪೂರ್ತಿ ಹೋಗಿತ್ತು. ಆಕೆ ಅದರ ಮೇಲೆ ಒಂದು ಚೊಂಬು ನೀರು ಹುಯ್ದಳು.

ನಾನು ಅಲ್ಲೇ ಕೂತುಬಿಟ್ಟೆ. ಬಿಳಿಯ ಬೆಣಚುಕಲ್ಲಿನ ಉಂಡೆ, ನಸುಗೆಂಪು ಗ್ರಾನೈಟಿನ ಉಂಡೆ, ಕೆಂಪುಕಪ್ಪು ಪಟ್ಟೆಗಳ ಕಬ್ಬಿಣಗಲ್ಲಿನ ಉಂಡೆ. ಒಂದೊಂದೂ ಅಚ್ಚುಕಟ್ಟಾಗಿ ಅಂಚು ಕಟ್ಟಿಕೊಂಡು, ಒದ್ದೆಯಾಗಿ ಹೊಳೆಯುತ್ತಿತ್ತು. ಪಟ್ಟೆಯ ಉಂಡೆಗಳಲ್ಲಿ ಒಂದರ ಪಟ್ಟೆ ನಿಂತಿತ್ತು, ಪಕ್ಕದ್ದರ ಪಟ್ಟೆ ಮಲಗಿತ್ತು, ಮತ್ತೊಂದರದು ಓರೆ. ಬಿಸಿಲೂ ಮಳೆಯೂ ಆ ಮೈಯನ್ನು ಕೆಡಿಸಿರಲಿಲ್ಲ. ಒಂದೊಂದು ಜಾತಿಯನ್ನು ಒಂದೊಂದು ರೀತಿ ಸವೆಸಿ, ಒಳಗೆ ಕಲೆತುಹೋದದ್ದನ್ನು ಹೊರಗೆ ಬಿಡಿಸಿ ಇಟ್ಟಿದ್ದವು. ಮೂರು ದಿನ ಅದನ್ನೇ ನಾನು ಸುತ್ತಿಗೆಯಿಂದ ಒಡೆದು ಬಿಸಾಡಿದ್ದೆ! ನಗು ಬಂತು, ನಿಲ್ಲಿಸಲಾಗಲಿಲ್ಲ. ಆಕೆಗೂ ನಗು ಬಂತು, ಯಾಕೆಂದು ತಿಳಿಯದಿದ್ದರೂ.

ಅಂದು ಸುತ್ತಿಗೆಯನ್ನು ಗುಡಾರದ ಪೆಟ್ಟಿಗೆಗೆ ಹಾಕಿ ಬೀಗ ಹಾಕಿದೆ. ಕೈ ಅಭ್ಯಾಸಬಲದಿಂದ ಮತ್ತೆ ಅದನ್ನೇ ಹುಡುಕೀತು ಎಂಬ ಭಯ. ಕಚೇರಿಯ ಮೊದಲ ಪಾಠವನ್ನು ಮೀರುವುದು ಉಮೇದುವಾರನಿಗೆ ಸಣ್ಣ ಮಾತಲ್ಲ. ಆದರೆ ಈ ಕಲ್ಲನ್ನು ಒಡೆಯುವುದಲ್ಲ, ತಿಕ್ಕುವುದು ಎಂದು ನಿಶ್ಚಯಿಸಿದೆ. ಡಲಾಯತನನ್ನು ಕಡೂರಿಗೆ ಅಟ್ಟಿ ಒಂದು ಮೂಟೆ ತೆಂಗಿನ ನಾರು ತರಿಸಿದೆ. ಬೂದಿಗೆ ಮಂದೆಯವರ ಹಟ್ಟಿಯ ಒಲೆಗಳಿದ್ದವು. ಸೇರ್ವೇಗಾರನ ಹೆಂಡತಿ ಇನ್ನೂ ಮೂವರು ಹೆಂಗಸರನ್ನು ಕರೆತಂದಳು. ಪಟ್ಟಿಯ ಉದ್ದಕ್ಕೆ ಎಂಟು ಜಾಗ ಆರಿಸಿ, ಒಂದೊಂದು ಗಜ ಚೌಕಕ್ಕೆ ಹಗ್ಗ ಹಾಯಿಸಿ ಗೂಟ ಹೊಡೆದೆ.

"ಏನೇ, ಈ ಬಂಡೆಗೇನು ಮದ್ವೆಯಾ, ಎಣ್ಣೆ ನೀರು ಹಾಕ್ಸೋಕೆ?" ಎಂದಳು ಒಬ್ಬಳು.

"ಗಂಡು ಬೆಂಗಳೂರಿಂದ ಬತ್ತಾವ್ನೆ ಕಣೇ. ಉಜ್ಜೇ, ಚೆನ್ನಾಗ್ ಉಜ್ಜು. ಹೆಣ್ ಕಪ್ಪು ಅಂದ್ಬಿಟ್ಟಾನು!"

ಹೀಗೆ ಮೂರು ದಿನ ಬಂಡೆಗೆ ಅಭ್ಯಂಜನ ನಡೆಯಿತು. ನಾನೂ ತಿಕ್ಕಿದೆ, ಅಂಗೈ ಸುಲಿಯಿತು. ಡಲಾಯತ ನೀರು ಹೊರುತ್ತ, "ಕಲ್ಲು ಹೊರೋದೇ ವಾಸಿಯಾಗಿತ್ತು" ಎಂದು ಗೊಣಗುತ್ತಿದ್ದ. ಪ್ರತಿ ಚೌಕದಲ್ಲೂ ಉಂಡೆಗಳನ್ನು ಜಾತಿವಾರು ಎಣಿಸಿದೆ, ಪಟ್ಟೆಯ ದಿಕ್ಕು ಅಳೆದೆ, ಚಿತ್ರ ಬರೆದುಕೊಂಡೆ. ಎಂಟು ಚೌಕಗಳಲ್ಲೂ ಬೆರಕೆಯೇ. ಅದರಲ್ಲೂ ಆ ನಸುಗೆಂಪು ಗ್ರಾನೈಟು ಪಟ್ಟಿಯ ಎರಡು ಮಗ್ಗುಲಲ್ಲಿ ಎಲ್ಲೂ ಇರಲಿಲ್ಲ. ಇದ್ದಲ್ಲೇ ಜಜ್ಜಿ ಆದ ಬಂಡೆಯಾದರೆ ಪಕ್ಕದ ಕಲ್ಲಿನ ಚೂರೇ ಇರಬೇಕಲ್ಲ, ದೂರದ ನೆಂಟ ಹೇಗೆ ಬಂದ? ನಕ್ಷೆಯಲ್ಲಿ ಮಾತ್ರ ಆ ಮೂರು ಮೈಲಿಗೆ ಹೆಸರು ಬರೆಯದೆ ಖಾಲಿ ಬಿಟ್ಟೆ. ಒಮ್ಮೆ ಕೈ ಸುಟ್ಟುಕೊಂಡವನು ನಾನು.

ದೊಡ್ಡವರು ಹೇಳಿದ ದಿನಕ್ಕೆ ಬಂದರು. ಜರಿಪೇಟ, ಮುಚ್ಚುಕೋಟು, ಮಂಡಿಯವರೆಗಿನ ಬೂಟು. ಕಡೂರಿನಿಂದ ಗಾಡಿಯಲ್ಲಿ ಕುಲುಕಿ ಬಂದಿದ್ದರೂ ಆಯಾಸದ ಸುಳಿವಿಲ್ಲ. ಇಳಿದವರೇ, "ಎಲ್ಲಯ್ಯಾ ನಿನ್ನ ಉಪ್ಪುಗಲ್ಲು?" ಎಂದರು.

ದಿಬ್ಬಕ್ಕೆ ಕರೆದುಕೊಂಡು ಹೋದೆ. ಸೇರ್ವೇಗಾರ ಮಂದೆಯನ್ನು ಪಕ್ಕಕ್ಕೆ ಸರಿಸಿಕೊಟ್ಟ. ದೊಡ್ಡವರು ಕುಕ್ಕರಗಾಲಲ್ಲಿ ಕೂತು ಒಂದೊಂದು ಗೀರಿನ ಮೇಲೂ ಬೆರಳಾಡಿಸಿದರು, ಭೂತಗನ್ನಡಿ ಹಿಡಿದರು, ಇಳಿಜಾರು ಅಳೆದರು. ಎದ್ದು ಪಂಚೆಯ ಧೂಳು ಕೊಡವುವವರ ಹಾಗೆ ಕೋಟಿನ ಅಂಚು ಕೊಡವಿದರು.

"ನಾನಾಗಿದ್ದರೂ ಅಲೆ ಎಂದೇ ಬರೆಯುತ್ತಿದ್ದೆ" ಎಂದರು. ಎರಡು ಹೆಜ್ಜೆ ನಡೆದು, "ಆ ತಂತಿ ಮಾತ್ರ ಕೊಡುತ್ತಿದ್ದೆನೋ ಇಲ್ಲವೋ" ಎಂದು ಸೇರಿಸಿದರು.

ಮುದ್ದೆಕಲ್ಲಿನ ಬಳಿ ಬಂದೊಡನೆ ಅವರ ಕೈ ತಾನಾಗಿ ಸೊಂಟದ ಸುತ್ತಿಗೆಗೆ ಹೋಯಿತು. ಹೇಳಲೇಬೇಕಾಯಿತು. "ಸುತ್ತಿಗೆ ಬೇಡ ಸಾರ್."

ಅವರು ನನ್ನನ್ನು ನೋಡಿದ ನೋಟಕ್ಕೆ ಡಲಾಯತ ಎರಡು ಹೆಜ್ಜೆ ಹಿಂದೆ ಸರಿದ. ನಾನು ಒಡೆದು ಇಟ್ಟಿದ್ದ ಚೂರೊಂದನ್ನು ಅವರ ಕೈಗೆ ಕೊಟ್ಟು, ಅದು ಮುರಿದ ಜಾಗದ ಪಕ್ಕದಲ್ಲೇ ತಿಕ್ಕಿದ ಚೌಕದ ಮೇಲೆ ನೀರು ಹುಯ್ದೆ. ಅವರು ಚೂರನ್ನೂ ಚೌಕವನ್ನೂ ಬಾರಿ ಬಾರಿ ನೋಡಿದರು. ಸುತ್ತಿಗೆಯನ್ನು ಮತ್ತೆ ಸೊಂಟಕ್ಕೆ ಸಿಕ್ಕಿಸಿದರು.

ಆದರೆ ಸುಲಭಕ್ಕೆ ಬಗ್ಗುವವರೇ? ಎಂಟೂ ಚೌಕಗಳನ್ನು ಮಂಡಿಯೂರಿ ನೋಡಿ ಒಂದೊಂದಕ್ಕೂ ಜಗಳ ತೆಗೆದರು. ಗ್ರಾನೈಟು ಆಳದಿಂದ ಎದ್ದು ಬಂದಿರಬಹುದು, ಇಲ್ಲವೆನ್ನಲು ಏನು ಆಧಾರ? ಪಟ್ಟೆಗಳ ದಿಕ್ಕು ಬೇರೆ ಬೇರೆಯೇ? ಜಜ್ಜಿ ಉರುಳುವಾಗ ತಿರುಗಿರುತ್ತವೆ. ಮೊದಲನೆಯದಕ್ಕೆ ನನ್ನ ಎಣಿಕೆಯ ಪುಸ್ತಕ ಬಿಚ್ಚಿದೆ. ಎರಡನೆಯದಕ್ಕೆ ನನ್ನ ಬಳಿ ಉತ್ತರವಿರಲಿಲ್ಲ. ಇಲ್ಲವೆಂದೇ ಹೇಳಿದೆ. ಬೆಂಗಳೂರಿನ ಮೇಜು ಕಣ್ಣೆದುರು ಬಂದು ನಿಂತಿತು.

"ಈ ಚೌಕಗಳನ್ನು ಆರಿಸಿದವನು ನೀನು" ಎಂದರು ದೊಡ್ಡವರು. "ನಾನೊಂದು ಆರಿಸುತ್ತೇನೆ."

ಪಟ್ಟಿಯ ಮೇಲೆ ಇನ್ನೂರು ಹೆಜ್ಜೆ ನಡೆದು, ಪಾಚಿಗಟ್ಟಿ ಇದ್ದಿಲಿನಂತಾಗಿದ್ದ ಒಂದು ಜಾಗದಲ್ಲಿ ನಿಂತರು. ಹೆಂಗಸರು ನಾರು ಹಿಡಿದು ಬಂದರೆ ಬೇಡವೆಂದು ಕೈ ಅಡ್ಡ ಮಾಡಿ, ಪೇಟ ತೆಗೆದು ಡಲಾಯತನ ಕೈಗಿಟ್ಟು, ಕೋಟು ಕಳಚಿ, ತಾವೇ ತಿಕ್ಕಲು ಕೂತರು. ಸೇರ್ವೇಗಾರನ ಹೆಂಡತಿಗೆ ಅವರ ಕೈಕೆಲಸ ನೋಡಿ ಸುಮ್ಮನಿರಲಾಗಲಿಲ್ಲ.

"ಬೂದಿ ಜಾಸ್ತಿ ಹಾಕಿ ಬುದ್ಧೀ. ಒಣನಾರಲ್ಲಿ ತಿಕ್ಕಿದ್ರೆ ಹೋಗಲ್ಲ. ಸುತ್ತಾ ತಿಕ್ಕಿ, ಅತ್ಲಾಗಿತ್ಲಾಗ್ ಎಳೀಬೇಡಿ."

"ಹೀಗಾ ತಾಯಿ?"

"ಹಾಂ, ಹಂಗೆ."

ಅರ್ಧ ಗಂಟೆಯಾಯಿತು. ನೀರು ಹುಯ್ಯಲು ಕೈ ತೋರಿಸಿದರು, ಹುಯ್ದೆ. ಬೂದಿಯ ಕೆಸರು ಹರಿದುಹೋಯಿತು. ದೊಡ್ಡವರು ಬಗ್ಗಿ ನೋಡುತ್ತಲೇ ಇದ್ದರು. ಮೂಗು ಕಲ್ಲಿಗೆ ತಾಗುವಷ್ಟು ಬಗ್ಗಿದರು. ಭೂತಗನ್ನಡಿ ಹಿಡಿದ ಕೈ ಒಂದೇ ಕಡೆ ನಿಂತಿತು.

"ಬಾರಯ್ಯಾ ಇಲ್ಲಿ" ಎಂದರು. ದನಿ ಬೇರೆಯಾಗಿತ್ತು.

ಅವರ ಬೆರಳಿನ ಕೆಳಗೆ ಬೇಲದ ಹಣ್ಣಿನ ಗಾತ್ರದ ಒಂದು ಉಂಡೆ. ಆ ಉಂಡೆಯ ಒಳಗೆ, ದಾಳಿಂಬೆಯಲ್ಲಿ ಬೀಜ ಕಂಡಂತೆ, ಪುಟ್ಟ ಪುಟ್ಟ ಉಂಡೆಗಳು. ಬಿಳಿಯದೊಂದು, ಪಟ್ಟೆಯದೊಂದು, ಮತ್ತೆ ಮೂರು ಬಿಳಿಯವು. ಎಂಟು ಚೌಕಗಳಲ್ಲೂ ನನಗೆ ಇಂಥದು ಸಿಕ್ಕಿರಲಿಲ್ಲ.

ಇಬ್ಬರೂ ಮುಖ ಮುಖ ನೋಡಿಕೊಂಡೆವು. ಅದರ ಅರ್ಥ ಇಬ್ಬರಿಗೂ ಹೊಳೆದಿತ್ತು. ಈ ಬಂಡೆಗಿಂತ ಮೊದಲೇ ಇನ್ನೊಂದು ಉಂಡೆಬಂಡೆ ಇತ್ತು. ಅದು ಗಟ್ಟಿಯಾಗಿ, ಒಡೆದು, ಅದರ ಚೂರು ಉರುಳಿ ಗುಂಡಗಾಗಿ, ಮತ್ತೆ ಇಲ್ಲಿ ಬಂದು ಕೂತಿದೆ.

"ಒಂದು ಸಲವಾದರೆ ಜಜ್ಜಿ ಮಾಡಬಹುದು" ಎಂದರು ದೊಡ್ಡವರು ನಿಧಾನವಾಗಿ. "ಗುಂಡಗೆ ಮಾಡಿ, ಅಂಟಿಸಿ, ಮತ್ತೆ ಒಡೆದು, ಮತ್ತೆ ಗುಂಡಗೆ ಮಾಡಿ... ಇಷ್ಟು ತಾಳ್ಮೆ ನೀರಿಗೆ ಮಾತ್ರ ಇರುತ್ತದಯ್ಯಾ." ಆಮೇಲೆ ಅವರು ನಕ್ಕರು. ಅಷ್ಟು ವರ್ಷ ಹೇಳಿಕೊಂಡು ಬಂದ ಮಾತು ತಮ್ಮ ಕೈಯಲ್ಲೇ ಬಿದ್ದುಹೋದದ್ದಕ್ಕೆ, ಮಕ್ಕಳು ನಗುವ ಹಾಗೆ, ಬೂದಿ ಮೆತ್ತಿದ ಕೈಯಿಂದ ಮಂಡಿ ತಟ್ಟಿಕೊಂಡು ನಕ್ಕರು. ನನಗೆ ಅವರ ಮೇಲೆ ಅಂದು ಹುಟ್ಟಿದ ಪ್ರೀತಿ ಇಂದಿಗೂ ಕಡಿಮೆಯಾಗಿಲ್ಲ.

"ನಕ್ಷೆ ತೆಗಿ."

ಬಿಚ್ಚಿ ಬಂಡೆಯ ಮೇಲೆ ಹರಡಿದೆ. ಖಾಲಿ ಬಿಟ್ಟ ಮೂರು ಮೈಲಿಯನ್ನು ಅವರು ನೋಡಿದರು. ನಾನು ಪೆನ್ಸಿಲ್ ತೆಗೆದುಕೊಂಡೆ. ಬಯಲಿನಲ್ಲಿ ಬರೆಯುವುದು ಪೆನ್ಸಿಲ್ಲಿನಲ್ಲಿ, ಹೆಸರಿನ ಮೇಲೆ ಶಾಯಿ ತೀಡುವುದು ಬೆಂಗಳೂರಿನಲ್ಲಿ ಒಪ್ಪಿಗೆಯಾದ ಮೇಲೆ.

"ಶಾಯಿಯಲ್ಲಿ" ಎಂದರು.

ಡಲಾಯತ ಗುಡಾರಕ್ಕೆ ಓಡಿ ಸೀಸೆ ತಂದ. ಓರೆಬಂಡೆಯ ಮೇಲೆ ಸೀಸೆ ನಿಲ್ಲಲಿಲ್ಲ. ದೊಡ್ಡವರೇ ಅದನ್ನು ಎರಡು ಕೈಯಲ್ಲಿ ಹಿಡಿದುಕೊಂಡು ಕೂತರು. ನಾನು ಲೆಕ್ಕಣಿಕೆ ಅದ್ದಿ ಅದ್ದಿ ಬರೆದೆ. ನೀರು ತಂದು ಹಾಸಿದ ಉಂಡೆಬಂಡೆ. ಬಂಡೆಯ ಉಬ್ಬುತಗ್ಗಿಗೆ ಎರಡು ಅಕ್ಷರ ಸೊಟ್ಟಗಾದವು. ಅವರು ಬಗ್ಗಿ, ಒಣಗಲೆಂದು ಉಸಿರೂದಿದರು. ಪಟ್ಟಿ ನಕ್ಷೆಯ ಅಂಚು ಮುಟ್ಟುವ ಕಡೆಗೆ ಬೆರಳಿಟ್ಟರು.

"ಇಲ್ಲಿಂದಾಚೆ ಎಲ್ಲಿಗೆ ಹೋಗುತ್ತದೆ ಇದು?"

"ಗೊತ್ತಿಲ್ಲ ಸಾರ್. ಈ ವರ್ಷದ ನಕ್ಷೆ ಅಲ್ಲಿಗೆ ಮುಗಿಯುತ್ತದೆ."

"ಗೊತ್ತಿಲ್ಲ ಅಂದಮೇಲೆ ಇನ್ನೂ ಇಲ್ಲೇ ಯಾಕೆ ಕೂತಿದ್ದೀಯ?" ಎಂದರು.